ನಾನು ವೈನಿಗೆ ತಿನ್ನಿಸಿದ ಬೇವು

ಹಾವು ಮನುಷ್ಯನಿಗೆ ಮಿತ್ರನೋ ಶತ್ರುವೋ ಎಂಬ ಪ್ರಶ್ನೆಯನ್ನು ಸಿಂದಗಿಯ ಹೈಸ್ಕೂಲಿನಲ್ಲಿ ವರ್ಷ ವರ್ಷವೂ ಮಕ್ಕಳಿಗೆ ಕೊಡುತ್ತ ಬಂದವಳು ನಾನು. ವಿಜ್ಞಾನ ಕಲಿಸುತ್ತೇನೆ. ಉತ್ತರವೂ ನನ್ನದೇ: ಮಿತ್ರ. ಇಲಿ ತಿನ್ನುತ್ತದೆ, ಬೆಳೆ ಉಳಿಸುತ್ತದೆ, ಹೆಚ್ಚಿನ ಹಾವುಗಳಿಗೆ ವಿಷವೇ ಇಲ್ಲ. ಶತ್ರು ಎಂದು ಬರೆದವರಿಗೆ ಅಂಕ ಕತ್ತರಿಸುತ್ತಿದ್ದೆ. ಈಗ ಆ ಪಾಠ ಬಂದಾಗ ಮಕ್ಕಳಿಗೇ ಗಟ್ಟಿಯಾಗಿ ಓದಲು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಪಾಠದಲ್ಲಿ ಸುಳ್ಳೇನೂ ಇಲ್ಲ. ನನ್ನ ಬಾಯಿಂದ ಅದು ಬರುವುದು ಬೇಡ ಅನಿಸುತ್ತದೆ.

ನನ್ನ ತವರು ಇಂಡಿ ತಾಲೂಕು. ಸಾಲೋಟಗಿ ದಾಟಿ ಸ್ವಲ್ಪ ದೂರ ಹೋದರೆ ಅಣ್ಣನ ಲಿಂಬೆ ತೋಟ, ತೋಟದೊಳಗೇ ಮನೆ. ಹಾವು ಕಂಡರೆ ಹೊಡೆಯುವುದು ಆ ಮನೆಯ ಪದ್ಧತಿ. ಅದಕ್ಕೆಂದೇ ಬಾಗಿಲ ಹಿಂದೆ ಒಂದು ಬಡಿಗೆ ಇರುತ್ತಿತ್ತು. ಆ ಪದ್ಧತಿ ಬಿಡಿಸಿದವಳು ನಾನು. ಒಂದು ವರ್ಷ ಇಲಿಗಳು ಡ್ರಿಪ್ ಪೈಪನ್ನೆಲ್ಲ ಕಡಿದು ಜಾಳಿಗೆ ಮಾಡಿದ್ದವು. ಅದೇ ಹೊತ್ತಿಗೆ ಬಾವಿಯ ಪಕ್ಕದ ಕಲ್ಲುಗುಂಪಿಯಲ್ಲಿ ಒಂದು ಉದ್ದನೆಯ ಕೇರೆಹಾವು ಬಂದು ಸೇರಿತು. ಅಣ್ಣ ಬಡಿಗೆ ಎತ್ತಿದ. ನಾನು ಅಡ್ಡ ನಿಂತು ಅರ್ಧ ತಾಸು ಭಾಷಣ ಮಾಡಿದೆ. "ಆತು ತಾಯಿ, ಬಿಟ್ಟೆ" ಎಂದು ಅವನು ಬಡಿಗೆ ಕೆಳಗಿಟ್ಟ. ಅವನು ಬಿಟ್ಟದ್ದು ಹಾವಿನ ಮೇಲಿನ ಕರುಣೆಯಿಂದಲ್ಲ, ನನ್ನ ಬಾಯಿಗೆ ಹೆದರಿ.

ಹಾವೆಂದರೆ ಎಲ್ಲರಿಗಿಂತ ಹೆಚ್ಚು ಅಂಜುತ್ತಿದ್ದವಳು ಅಣ್ಣನ ಹೆಂಡತಿ, ನನ್ನ ವೈನಿ. ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಅಕ್ಕೋರು ಅನ್ನುತ್ತಾರೆ. ಮನೆಯ ಮಗಳಾದ ನನ್ನನ್ನೂ ಅವಳು ಹಾಗೇ ಕರೆದು ಕಾಡಿಸುತ್ತಿದ್ದಳು. "ಅಕ್ಕೋರ, ಹೋಗೂ ಮುಂದ ನಿಮ್ಮ ಕ್ಯಾರಿಹಾವಿಗೆ ಒಂದ ಮಾತ ಹೇಳಿ ಹೋಗ್ರಿ, ನನ್ನ ಕಣ್ಣಿಗೆ ಬೀಳಬ್ಯಾಡಂತ." ಎರಡು ವರ್ಷದಲ್ಲಿ ಪೈಪ್ ಕಡಿಯುವುದು ನಿಂತಿತು. ಆಮೇಲೆ ಅವಳೇ ಫೋನಿನಲ್ಲಿ ವರದಿ ಒಪ್ಪಿಸತೊಡಗಿದಳು: ಇವತ್ತು ಬಾವಿಯ ಹತ್ತಿರ ಪೊರೆ ಬಿಟ್ಟಿದೆ, ಇವತ್ತು ಹೆಗ್ಗಣ ಹಿಡಿಯಿತು. ನನಗೆ ಹೆಮ್ಮೆಯೋ ಹೆಮ್ಮೆ.

ಹಣ್ಣಾದ ಲಿಂಬೆ ತಾನಾಗಿ ಉದುರುತ್ತದೆ. ಬೆಳಕು ಹರಿಯುತ್ತಲೇ ಗಿಡದ ಬುಡಕ್ಕೆ ಕೂತು, ಮುಳ್ಳಿನ ಕೊಂಬೆಗಳ ಕೆಳಗೆ ಕೈ ಚಾಚಿ, ಒಣ ಎಲೆಯೊಳಗೆ ತಡಕಾಡಿ ಆರಿಸಬೇಕು. ಮೊದಲು ಕೋಲಿನಿಂದ ಎಲೆ ಕೆದರಿ, ಆಮೇಲೆ ಕೈ ಹಾಕಿ ಎಂದು ನಾನು ಒಮ್ಮೆಯಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅಂಜಿಕೆ ಬಿಡಿಸುವುದರಲ್ಲೇ ಮುಳುಗಿದ್ದೆ.

ಆ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡಲು ಬುತ್ತಿ ಕಟ್ಟುತ್ತಿದ್ದೆ. ಅಣ್ಣ ಬಸವನ ಬಾಗೇವಾಡಿಗೆ ಬೀಗರ ಮನೆಗೆ ಹೋಗಿದ್ದ. ವೈನಿಯ ಫೋನು ಬಂತು.

"ಅಕ್ಕೋರ, ಕೈಗೆ ಏನೋ ಆಗೈತ್ರಿ. ಮುಳ್ಳ ಚುಚ್ಚೇತೋ, ಹಾವ ಕಡದೈತೋ ತಿಳೀವಲ್ದು."

"ಹಾವ ಕಂಡ್ರೇನು?"

"ಎಲಿಯಾಗ ಏನೋ ಸರದಂಗಾತು. ಬಾಲ ಅಷ್ಟ ಕಂಡೆ. ನಿಮ್ಮ ಕ್ಯಾರಿಹಾವ ಇರಬೇಕು."

"ಉರೀತೈತೇನು?"

"ಉರೀತೈತಿ. ಲಿಂಬಿ ಮುಳ್ಳ ಚುಚ್ಚಿದ್ರೂ ಉರೀತೈತಲ್ರಿ."

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ಕೈ ಅಲುಗಾಡಿಸದೆ ಇಂಡಿಯ ದವಾಖಾನೆಗೆ ಹೊರಡಿ. ದವಾಖಾನೆ ಅರ್ಧ ತಾಸಿನ ಹಾದಿ. ನನ್ನ ಬಾಯಿಂದ ಬಂದದ್ದು ಅಪ್ಪನ ಮಾತು. "ಬೇವಿನ ಎಲಿ ತಿಂದು ನೋಡ್ರಿ ವೈನಿ. ಕಹಿ ಹತ್ತತೈತೇನು?"

ಮೈಗೆ ವಿಷ ಏರಿದ್ದರೆ ಬೇವು ಕಹಿ ಹತ್ತುವುದಿಲ್ಲ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಸಣ್ಣವಳಿದ್ದಾಗ ಹೊಲದಲ್ಲಿ ಯಾರಿಗೆ ಏನು ಕಡಿದರೂ ನಮ್ಮ ಬೇವಿನ ಗಿಡದ ಕೆಳಗೆ ಕರೆತರುತ್ತಿದ್ದರು. ಅಪ್ಪ ಎಲೆ ಕಿತ್ತು ತಿನ್ನಿಸುತ್ತಿದ್ದ. ಥೂ ಕಹಿ ಎಂದು ಉಗುಳಿದರೆ ಕೂಡಿದ ಮಂದಿ ನಗುತ್ತ ಮನೆಗೆ ಹೋಗುತ್ತಿದ್ದರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಆ ಬೆಳಿಗ್ಗೆ ನನ್ನ ಹತ್ತಿರ ಎರಡೂ ಇರಲಿಲ್ಲ.

ವೈನಿ ಅಗಿಯುವ ಸಪ್ಪಳ, ಉಗುಳುವ ಸಪ್ಪಳ ಫೋನಿನಲ್ಲಿ ಕೇಳಿತು. "ಥೂ ಥೂ! ಬಾಯೆಲ್ಲಾ ಕಹಿ ಆತ್ರಿ!"

ಇಬ್ಬರೂ ನಕ್ಕೆವು. "ಹಂಗಾರ ಮುಳ್ಳ ಬಿಡ್ರಿ. ಅರಿಶಿಣ ಹಚ್ಚಿ ಕಟ್ಟರಿ" ಎಂದು ಹೇಳಿ ನಾನು ಶಾಲೆಗೆ ಹೋದೆ. ಅವಳು ಕೈಗೆ ಬಟ್ಟೆ ಸುತ್ತಿಕೊಂಡು ಉಳಿದ ಕಾಯಿ ಆರಿಸಿದಳು.

ಮಧ್ಯಾಹ್ನ ಅವಳ ಒಸಡಿನಿಂದ ರಕ್ತ ಬಂತು. ಕೈ ಮೊಣಕೈವರೆಗೆ ಬಾತಿತ್ತು. ಪಕ್ಕದ ತೋಟದವರು ಟೆಂಪೋದಲ್ಲಿ ಇಂಡಿಗೆ ಒಯ್ದರು, ಅಲ್ಲಿಂದ ವಿಜಯಪುರಕ್ಕೆ. ಸಂಜೆ ಆಳುಗಳು ಅದೇ ಗಿಡದ ಬುಡದಲ್ಲಿ ಕೊಳಕುಮಂಡಲವನ್ನು ಕಂಡರು. ಅದರ ವಿಷ ನಾಲಿಗೆಯ ರುಚಿ ಕೆಡಿಸುವುದಿಲ್ಲ. ಅದು ರಕ್ತಕ್ಕೆ ಇಳಿಯುತ್ತದೆ, ಕಿಡ್ನಿಗೆ ಇಳಿಯುತ್ತದೆ. ಅದು ಕಡಿದವರಿಗೂ ಬೇವು ಕಹಿಯೇ. ಇದನ್ನೂ ನಾನು ಪುಸ್ತಕದಲ್ಲಿ ಓದಿದ್ದೆ.

ವೈನಿ ಬದುಕಿದಳು, ಕಿಡ್ನಿ ಹೋದವು. ಡಾಕ್ಟರು ಹಾಸಿಗೆಯ ಹತ್ತಿರ ನಿಂತು, "ಇಷ್ಟು ಹೊತ್ತು ಏನು ಮಾಡ್ತಿದ್ರಮ್ಮಾ?" ಎಂದು ಕೇಳಿದರು. ಅಣ್ಣ ಒಂದು ಬದಿಗೆ, ನಾನು ಇನ್ನೊಂದು ಬದಿಗೆ.

"ಮುಳ್ಳ ಅಂತ ತಿಳಿದಿದ್ದೆರಿ. ನಂದ ತಪ್ಪು" ಅಂದಳು ವೈನಿ. ನನ್ನ ಕಡೆ ನೋಡಲಿಲ್ಲ.

ಅಂದಿನಿಂದ ಬಂದವರೆಲ್ಲ ಅವಳನ್ನೇ ಬೈದರು. ಹುಚ್ಚಿ, ಲಿಂಬೆಕಾಯಿ ನೋಡಿದಳು, ಜೀವ ನೋಡಲಿಲ್ಲ ಎಂದರು. ಎಲ್ಲರಿಗಿಂತ ಹೆಚ್ಚು ಬೈದವನು ಅಣ್ಣ. ಅವನ ಪ್ರೀತಿ ಯಾವಾಗಲೂ ಬೈಗುಳದಲ್ಲೇ ಬರುವಂಥದ್ದು. ನಾನು ಬಾಯಿ ಬಿಡಲಿಲ್ಲ. ಮುಂದಿನ ವಾರ ಅವನು ಕಲ್ಲುಗುಂಪಿ ಕೆದರಿಸಿ ಆ ಕೇರೆಹಾವನ್ನು ಹೊಡೆದು ಹಾಕಿದ. ಕಡಿದದ್ದು ಒಂದು, ಸತ್ತದ್ದು ಇನ್ನೊಂದು. ಬಾವಿಯ ದಂಡೆಯ ಮೇಲೆ ಬಿದ್ದಿದ್ದ ಅದನ್ನು ನೋಡಿದೆ. ಇದು ಮಿತ್ರ, ಅದು ಶತ್ರು ಎಂದು ಹೇಳುವ ಮುಖ ನನಗೆಲ್ಲಿತ್ತು? ಮಳೆಗಾಲ ಮುಗಿಯುವಷ್ಟರಲ್ಲಿ ಇಲಿಗಳು ತಿರುಗಿ ಬಂದವು.

ವಾರಕ್ಕೆ ಎರಡು ಸಲ ಡಯಾಲಿಸಿಸ್. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಹೋಗಿ ಅವಳ ಹತ್ತಿರ ಕೂರುತ್ತಿದ್ದೆ. ಒಂದು ಶನಿವಾರ ತಡೆಯಲಾರದೆ, "ಅಣ್ಣಗ ನಾನ ಹೇಳ್ತೇನ್ರಿ ವೈನಿ. ಬೇವ ತಿನ್ನು ಅಂದಾಕಿ ನಾನು ಅಂತ" ಎಂದೆ.

"ಬ್ಯಾಡ" ಎಂದಳು. ಆಮೇಲೆ ನನ್ನ ಕೈ ಹಿಡಿದಳು. "ನೋಡವಾ, ನಿಮ್ಮಣ್ಣನ ಸಿಟ್ಟ ನನಗ ಗೊತ್ತೈತಿ. ನೀ ಹೇಳಿದಿ ಅಂದ್ರ ಜನ್ಮದಾಗ ನಿನ್ನ ಮಾರಿ ನೋಡೂದಿಲ್ಲ. ಅಪ್ಪ ಅವ್ವ ಹ್ವಾದ್ರು. ನಿನಗ ತವರುಮನಿ ಅಂತ ಇರೂದು ಇದೊಂದ. ಅದನ್ಯಾಕ ಕಳಕೋತಿ? ಬೈಸಿಕೊಳ್ಳಾಕ ನಾ ಗಟ್ಟಿ ಅದೇನಿ."

ಅಷ್ಟು ವರ್ಷ ಅಕ್ಕೋರ ಎಂದು ಬಹುವಚನದಲ್ಲಿ ಕಾಡಿಸಿದವಳು ಆ ದಿನ ತಂಗಿಗೆ ಹೇಳಿದಂತೆ ಹೇಳಿದಳು. ನನಗೆ ಅಳು ಬಂತು. ಅದಕ್ಕಿಂತ ಮೊದಲು ಸಮಾಧಾನ ಬಂತು. ಸುಳ್ಳೇಕೆ ಹೇಳಲಿ, ಎದೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರಾದೆ. ಆ ಹಗುರವನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆ.

ಎರಡನೆಯ ಬೇಸಿಗೆಯ ಕೊನೆಗೆ ವೈನಿ ತೀರಿಕೊಂಡಳು. ಹೆಣದ ಸುತ್ತ ಕೂತ ಹೆಂಗಸರು ಅಳುತ್ತಳುತ್ತಲೇ ಮತ್ತೆ ಅದೇ ಮಾತು ಆಡಿದರು: ಕೈಯಾರೆ ಜೀವ ಕಳೆದುಕೊಂಡಳು. ನಾನು ಅವರ ನಡುವೆಯೇ ಕೂತಿದ್ದೆ.

ನಾಗರಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣತಮ್ಮಂದಿರು ಬರುವುದು ನಮ್ಮಲ್ಲಿ ರೂಢಿ. ಅದು ಸಾವಿನ ವರ್ಷ, ಹಬ್ಬವಿಲ್ಲ. ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಅಣ್ಣ ಬಂದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿಗಳು ಮೇಲೆ ಕೆಳಗೆ ಆಗಿದ್ದವು.

"ನಾಗಪ್ಪಗ ಹಾಲು ಹಾಕೂದೇನಿಲ್ಲ. ಆದರೂ ನೀ ಬಾ. ಮನ್ಯಾಗ ಹೆಣ್ಮಕ್ಕಳ ದನಿ ಇಲ್ಲ" ಎಂದ. ನಾನು ಚೀಲ ತುಂಬತೊಡಗಿದೆ. ಅವನು ಕುರ್ಚಿಯಲ್ಲಿ ಕೂತು ತನ್ನಷ್ಟಕ್ಕೆ ತಾನೇ ಅನ್ನುವಂತೆ ಅಂದ: "ಹುಚ್ಚಿ. ಅವತ್ತ ಯಾರಿಗರ ಒಂದ ಫೋನ್ ಮಾಡಿದ್ರ ಉಳೀತಿದ್ಲು."

ಅದೊಂದು ಮಾತು ನನ್ನಿಂದ ಕೇಳಲಾಗಲಿಲ್ಲ.

"ಮಾಡಿದ್ಲು ಅಣ್ಣಾ. ನನಗ ಮಾಡಿದ್ಲು."

ಎಲ್ಲ ಹೇಳಿದೆ. ಬೇವು, ನಗು, ಅರಿಶಿಣ, ದವಾಖಾನೆಯಲ್ಲಿ ಅವಳು ಹಿಡಿದ ಕೈ, ಒಂದನ್ನೂ ಬಿಡಲಿಲ್ಲ. ಅವನು ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ.

"ಎರಡ ವರ್ಷ ನಾ ಅಕಿನ್ನ ಬೈದೇನಿ" ಎಂದ. "ಸೂಜಿ ಚುಚ್ಚಿದ ಕೈ ಹಿಡಕೊಂಡು ಮಲಗಿದಾಗನೂ ಬೈದೇನಿ. ನೀ ಅಲ್ಲೇ ನಿಂತಿದ್ದಿ."

"ನಿಂತಿದ್ದೆ" ಎಂದೆ.

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಹಿಂದೆ ಹೋಗಲಿಲ್ಲ. ಅದಾದ ಮೇಲೆ ಎರಡು ಪಂಚಮಿ ಬಂದು ಹೋದವು, ಅಣ್ಣ ಕರೆಯಲು ಬಂದಿಲ್ಲ.