ಎದುರುಮನೆ ಅಜ್ಜಿಯ ಓಟು

ಮೊನ್ನೆ ಅಲಮಾರಿ ತೆಗೆದಾಗ ಡಾಂಬರು ಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ನನಗೆ ಆ ವಾಸನೆ ಅಂದರೆ ಚುನಾವಣೆ. ತೆಲುಗು ಸೀಮೆಯ ಮೆಹದಿಪಟ್ಟಣದಲ್ಲಿ ನಮ್ಮ ಎದುರುಮನೆ ಅಜ್ಜಿ ಓಟಿನ ದಿನ ಮಾತ್ರ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಡುತ್ತಿದ್ದರು. ಗಲ್ಲಿಯ ತುಂಬ ಅದೇ ವಾಸನೆ...

ಕಲಬುರಗಿ ಕಡೆಯವರು. ನಿಜಾಮನ ಕಾಲದಲ್ಲಿ ಗಂಡ ಬಾವುಟ ಹಿಡಿದು ಜೈಲಿಗೆ ಹೋದವರಂತೆ. ಆ ಬಾವುಟದ ಪಾರ್ಟಿಗೇ ಅಜ್ಜಿಯ ಓಟು; ಬೇರೆ ಮಾತಿಲ್ಲ. ಮಗ ಹಾಗಲ್ಲ. ರಾಜ್ಯದಲ್ಲಿ ಹೊಸ ಪಾರ್ಟಿ ಎದ್ದಿದ್ದೇ ತಡ, ಅವನ ಅಂಗಡಿಯ ಮೇಲಿನ ಬಾವುಟ ಬದಲಾಯಿತು. “ಗಾಳಿ ಬಂದಾಗ ತೂರ್ಕೋಬೇಕವ್ವಾ” ಎನ್ನುತ್ತಿದ್ದ. ಅದಕ್ಕೆ ನಾನು ಅವನನ್ನು ಬೈಯುವುದಿಲ್ಲ. ಅಪ್ಪನ ಪಾರ್ಟಿ ಮಗನಿಗೆ ಆಸ್ತಿಯಂತೆ ಬರಬೇಕೆಂದು ಎಲ್ಲಿ ಬರೆದಿದೆ? ಬೈಯುವುದು ಬೇರೆಯದಕ್ಕೆ.

ಹೊಸ ಪಾರ್ಟಿ ನಿಂತ ಚುನಾವಣೆಯ ಹೊತ್ತಿಗೆ ಅಜ್ಜಿಯ ಕಣ್ಣಿಗೆ ಪೊರೆ ಬಂದು ಎಲ್ಲ ಮಂಜಾಗಿತ್ತು. ಕಣ್ಣು ಕಾಣದವರ ಪರವಾಗಿ ಜೊತೆಗೆ ಬಂದವರು ಮುದ್ರೆ ಒತ್ತಬಹುದಿತ್ತು. ಮಗನೇ ಕೈಹಿಡಿದು ಒಳಗೆ ಕರೆದೊಯ್ದ. ಹೊರಗೆ ಬಂದವನು ತನ್ನ ಪಾರ್ಟಿಯ ಹುಡುಗರಿಗೆ ನಗುತ್ತ ತೆಲುಗಿನಲ್ಲಿ, “ಮಾ ಅಮ್ಮ ಓಟು ಕೂಡಾ ಮನಕೇ” ಎಂದ. ನಮ್ಮಮ್ಮನ ಓಟೂ ನಮಗೇ ಎಂದು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡದ ತಾಯಿಗೆ ತೆಲುಗು ತಿಳಿಯದೆಂದೇ ಅವನ ನಂಬಿಕೆ. ಇಷ್ಟು ವರ್ಷ ಅವರು ತರಕಾರಿ ಯಾವ ಭಾಷೆಯಲ್ಲಿ ಕೊಂಡರು ಎಂದು ಆ ಮಹಾರಾಯ ಒಮ್ಮೆಯಾದರೂ ಯೋಚಿಸಿದ್ದನೇ? ಅಜ್ಜಿ ಅವನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು. ಗೋಡೆ ಹಿಡಿದು ಒಬ್ಬರೇ ಮನೆಗೆ ನಡೆದರು. ಸಾಲಿನಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಚುನಾವಣೆಗೆ ಅಜ್ಜಿ ನಮ್ಮ ಬಾಗಿಲಿಗೆ ಬಂದರು. “ನೀ ಕರಕೊಂಡು ಹೋಗವ್ವಾ, ಅಂವ ಬ್ಯಾಡ. ನಾ ಹೇಳಿದ್ದರ ಮ್ಯಾಲ ಒತ್ತು, ನಿನ್ನ ಮನಸಿಗೆ ಬಂದದ್ದರ ಮ್ಯಾಲ ಅಲ್ಲ.” ಆ ಹಳೆ ಪಾರ್ಟಿಯನ್ನು ಕಂಡರೆ ನನಗೂ ಆಗುತ್ತಿರಲಿಲ್ಲ. ಆದರೂ ಅವರು ಹೇಳಿದಲ್ಲೇ ಒತ್ತಿದೆ, ಓಟು ಅವರದು. ಅವರ ಅಭ್ಯರ್ಥಿ ಗೆದ್ದ. ಅಜ್ಜಿ ಗಲ್ಲಿಗೆಲ್ಲ ಬೆಲ್ಲ ಹಂಚಿದರು, ಮಗನಿಗೂ ಒಂದು ತುಂಡು.

ಮೂರೂ ಬಿಟ್ಟವರು ಊರಿಗೆ ದೊಡ್ಡವರು ಅನ್ನುತ್ತಾರಲ್ಲ. ವರ್ಷ ಕಳೆದಿತ್ತೋ ಇಲ್ಲವೋ, ಗೆದ್ದ ಆ ಮನುಷ್ಯ ಹಾರ ಹಾಕಿಸಿಕೊಂಡು ಮಗನ ಪಾರ್ಟಿಗೇ ಸೇರಿದ. ರೇಡಿಯೋದಲ್ಲಿ ಸುದ್ದಿ ಕೇಳಿದ ಅಜ್ಜಿ ನನ್ನನ್ನು ಕರೆದು ಕೂರಿಸಿಕೊಂಡರು.

“ಹಂಗಾರ ನನ್ನ ಓಟು ಈಗ ಯಾರ ಕಡೆ ಐತಿ?”

ಮಗ ಕದ್ದಾಗ ಕಳ್ಳ ಕೈಗೆ ಸಿಗುವಷ್ಟು ಹತ್ತಿರವಾದರೂ ಇದ್ದ.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಮಗನೂ ಈಗಿಲ್ಲ. ಮೊಮ್ಮಗ ಮೂರನೆಯದೊಂದು ಪಾರ್ಟಿಯಲ್ಲಿದ್ದಾನೆ. ಕಳೆದ ವಾರ ಓಟು ಕೇಳಲು ಬಂದವನು ಕೈಮುಗಿದು, “ಆಂಟಿ, ನಮ್ಮಜ್ಜಿ ಇದ್ದಿದ್ರ ನಮಗ ಹಾಕ್ತಿದ್ರು ನೋಡ್ರಿ” ಅಂದ.

“ನಿಮ್ಮಜ್ಜಿ ಓಟು ಮುಟ್ಟಬ್ಯಾಡ” ಎಂದು ಬಾಗಿಲು ಹಾಕಿಕೊಂಡೆ. ಅಷ್ಟು ಹಟದ ಓಟು ಈ ಗಲ್ಲಿಯಲ್ಲಿ ಈಗ ಯಾರ ಹತ್ತಿರವೂ ಇಲ್ಲ, ನನ್ನ ಹತ್ತಿರವೂ.