ಕರೆಂಟು ಹಾಡುವ ರೆಕಾರ್ಡು

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಯಲ್ಲಿ ನಾನು, ಮೊಮ್ಮಗಳು, ಭದ್ರಾವತಿಯಿಂದ ಬಂದಿದ್ದ ಮಾಮನ ಮಗಳು. ಅವಳು ಚೀಲದಿಂದ ತೆಗೆದ ರೆಕಾರ್ಡಿನ ರಟ್ಟಿಗೆ ನುಸಿಗುಳಿಗೆಯ ವಾಸನೆ ಹತ್ತಿತ್ತು. ನೋಡಿದ ಕೂಡಲೇ ಗುರುತು ಹಿಡಿದೆ.

ಮಾಮ ಎಂದರೆ ನೆಂಟರಲ್ಲ, ಭದ್ರಾವತಿಯ ಕಾಗದದ ಮಿಲ್ಲಿನವರಿಗಿದ್ದ ಕಾಗದನಗರದ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು. ನಡುವೆ ಒಂದೇ ಗೋಡೆ. ಮಿಲ್ಲಿನಲ್ಲಿ ಮೀಟರುಗಳ ರಿಪೇರಿ ಅವರ ಕೆಲಸ. ಆ ರೆಕಾರ್ಡನ್ನು ಮದರಾಸಿನಿಂದ ತಂದಿದ್ದರು. ಸಿಂಥಸೈಜರ್ ಎಂಬ ಹೊಸ ಯಂತ್ರದ ಸಂಗೀತ. "ತಂತಿ ಇಲ್ಲ, ತೊಗಲಿಲ್ಲ, ಕರೆಂಟೇ ಹಾಡುತ್ತೆ ನೋಡಮ್ಮ" ಎಂದಿದ್ದರು. ಮಿಲ್ಲಲ್ಲಿ ಎಂಟು ಗಂಟೆ ಗದ್ದಲ ಕೇಳಿದ್ದು ಸಾಲದೇನೋ ಮಾರಾಯ ಎಂದು ಅಪ್ಪ ರೇಗಿಸುತ್ತಿದ್ದರು. ಮೊದಲ ತುಣುಕು ತಗ್ಗಿನಿಂದ ಏರುತ್ತ ಏರುತ್ತ ಥೇಟ್ ಮಿಲ್ಲಿನ ಸೈರನ್ನಿನ ಹಾಗೆ ಕೂಗುತ್ತಿತ್ತು...

ಸೈರನ್ನೇ ನಮ್ಮೆಲ್ಲರ ಗಡಿಯಾರ. ಒಂದು ದಿನ ಶಿವಮೊಗ್ಗದ ಶಾಲೆಯೊಂದರಲ್ಲಿ ಒಂಬತ್ತೂಕಾಲಿಗೆ ನನ್ನ ಸಂದರ್ಶನವಿತ್ತು. ಎಂಟರ ಸೈರನ್ ಆದ ಕೂಡಲೇ ಬಸ್ಸಿಗೆ ಹೊರಡುವುದೆಂದು ಗೊತ್ತುಮಾಡಿದ್ದೆ. ಅಪ್ಪನ ನಿವೃತ್ತಿ ಹತ್ತಿರವಾಗಿತ್ತು, ಕ್ವಾರ್ಟರ್ಸ್ ಬಿಡಬೇಕಿತ್ತು. ಆ ಕೆಲಸ ನನಗೆ ಸಿಗಲೇಬೇಕಿತ್ತು. ಕೂಗು ಕೇಳಿತು. ಮಾಮ ಬೆಳಿಗ್ಗೆಯೇ ಶುರು ಮಾಡಿದರಲ್ಲ ಎಂದುಕೊಂಡು ಸರ್ಟಿಫಿಕೇಟುಗಳನ್ನು ಮತ್ತೊಮ್ಮೆ ಜೋಡಿಸುತ್ತ ಕುಳಿತೆ.

ಮಾಮನೇ ಬಾಗಿಲಿಗೆ ಬಂದರು. "ಇನ್ನೂ ಹೊರಟಿಲ್ವಾ? ಸೈರನ್ ಆಗಿ ಅರ್ಧ ಗಂಟೆ ಆಯ್ತು."

"ಅದು ನಿಮ್ಮ ರೆಕಾರ್ಡಲ್ವಾ ಮಾಮ?"

"ನಿಂಗೆ ಇಂಟರ್‌ವ್ಯೂ ಅಂತ ಇವತ್ತು ಹಾಕೇ ಇಲ್ಲ ಕಣಮ್ಮ."

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಮುಗಿಯುತ್ತಲೇ ಇರಲಿಲ್ಲ. ಮಾಮ ಎಂಜಿನ್ ಆರಿಸಲಿಲ್ಲ. ಅವರ ಕುತ್ತಿಗೆಯಿಂದ ಇಳಿಯುತ್ತಿದ್ದ ಬೆವರನ್ನೇ ನೋಡುತ್ತ ಕುಳಿತಿದ್ದೆ. ಶಾಲೆಯ ಮೆಟ್ಟಿಲು ಹತ್ತುವಾಗ ಜವಾನ ನನ್ನ ಹೆಸರನ್ನು ಎರಡನೆಯ ಸಲ ಕೂಗುತ್ತಿದ್ದ.

ಕೆಲಸ ಸಿಕ್ಕಿತು. ಗೋಡೆಯಾಚೆಯಿಂದ ಆ ಸಂಗೀತ ಮತ್ತೆ ಬರಲಿಲ್ಲ. ನಿಲ್ಲಿಸಿ ಎಂದು ನಾನು ಹೇಳಿರಲಿಲ್ಲ. ಹಾಕಿ ಎಂದೂ ಹೇಳಲಿಲ್ಲ... ಮಾಮ ಹೋದ ವರ್ಷ ತೀರಿಕೊಂಡರು.

ಮೊಮ್ಮಗಳು ತನ್ನ ಪ್ಲೇಯರಿಗೆ ರೆಕಾರ್ಡ್ ಹಾಕಿದಳು. ಕೂಗು ಏರಿತು, ತುದಿಯಲ್ಲಿ ಸ್ವಲ್ಪ ನಡುಗಿತು. ಆಮೇಲೆ ಅದರ ಅಡಿಯಿಂದ ನಿಧಾನವಾಗಿ ಒಂದು ರಾಗ ಹೊರಟಿತು. ಅಷ್ಟು ವರ್ಷ ಪಕ್ಕದಲ್ಲಿದ್ದೂ ಅದನ್ನು ನಾನು ಗಮನವಿಟ್ಟು ಕೇಳಿರಲಿಲ್ಲ.

ನಾವು ಕ್ವಾರ್ಟರ್ಸ್ ಬಿಟ್ಟ ಮೇಲಾದರೂ ಮಾಮ ಇದನ್ನು ಹಾಕುತ್ತಿದ್ದರೇ ಎಂದು ಮಾಮನ ಮಗಳನ್ನು ಕೇಳಿದೆ.

"ಇಲ್ಲ ಅಕ್ಕ. ಕೊನೇಲಿ ಮರೆವು ಜಾಸ್ತಿ ಆಗಿತ್ತು. ನಾನು ಹಾಕಕ್ಕೆ ಹೋದ್ರೆ, ಬೇಡ, ಪಕ್ಕದ್ಮನೆ ಹುಡುಗಿಗೆ ಬಸ್ಸು ತಪ್ಪುತ್ತೆ ಅಂತಿದ್ರು."

ಎರಡೂ ಬದಿಗಳನ್ನು ಮತ್ತೆ ಮತ್ತೆ ಹಾಕಿ ಕೇಳಿದೆವು. ಹನ್ನೆರಡೂವರೆಯ ಊಟಕ್ಕೆ ಅಂದು ಎರಡು ಗಂಟೆಯಾಯಿತು. ಐದು ಗಂಟೆಗೆ ಅವಳನ್ನು ಭದ್ರಾವತಿ ಬಸ್ಸು ಹತ್ತಿಸಿ ಬಂದೆ.