ಬಾಯಿ ಮುಚ್ಚಿಕೊಳ್ಳದ ಆರ್ಲೆಟಾ

ಆರ್ಲೆಟಾ ಹಸ್ಕಿನ್ಸ್‌ಳನ್ನು ಅಮೆರಿಕದ ಟೆನೆಸ್ಸಿ ರಾಜ್ಯದ ನಮ್ಮ ಊರು ಮೊದಲು ಕಂಡ ದಿನವೇ ಇಡೀ ಮೈದಾನ ಅವಳ ಮೇಲೆ ಮುನಿಸಿಕೊಂಡಿತ್ತು. ಅವಳ ಇಬ್ಬರು ಗಂಡುಮಕ್ಕಳೂ ಬೇಸ್‌ಬಾಲ್‌ನ ಕೆಳಹಂತದ ತಂಡಗಳಲ್ಲಿದ್ದರು. ದೊಡ್ಡವನು ಬೇರೆ ರಾಜ್ಯದಲ್ಲಿ ಆಡುತ್ತಿದ್ದ. ಚಿಕ್ಕವನಾದ ವೆಂಡಲ್ ನಮ್ಮ ತಂಡಕ್ಕೆ ಚೆಂಡೆಸೆಯುತ್ತಿದ್ದ. ಶಾಲೆಯ ಬಸ್ಸು ಓಡಿಸುವ ತಾಯಿ, ರಜೆ ಸಿಕ್ಕಾಗಲೆಲ್ಲ ಇಬ್ಬರ ಆಟಕ್ಕೂ ಓಡುತ್ತಿದ್ದಳು.

ಅಂದು ಒಂಬತ್ತು ಸುತ್ತುಗಳಲ್ಲಿ ಏಳು ಮುಗಿದರೂ ವೆಂಡಲ್‌ನ ಎದುರು ಯಾರೂ ಒಂದು ಒಳ್ಳೆಯ ಹೊಡೆತ ಹೊಡೆದಿರಲಿಲ್ಲ; ಕೊನೆಯವರೆಗೂ ಹಾಗೇ ಉಳಿದರೆ ಚೆಂಡೆಸೆಯುವವನಿಗೆ ಅದು ಅಪರೂಪದ ಸಾಧನೆ. ಅಂಥ ಹೊತ್ತಿನಲ್ಲಿ ಆ ಮಾತನ್ನು ಯಾರೂ ಎತ್ತಬಾರದು, ಎತ್ತಿದರೆ ಅದೃಷ್ಟ ಕೆಡುತ್ತದೆ ಎಂಬುದು ಆಟದ ಕಟ್ಟುಪಾಡು. ಆರ್ಲೆಟಾ ಎದ್ದು ನಿಂತು ಕೂಗಿದಳು: “ನೋಡ್ರೋ, ನನ್ನ ಮಗನ ಚೆಂಡನ್ನ ಇನ್ನೂ ಒಬ್ಬನೂ ಹೊಡೆದಿಲ್ಲ!”

ಮುಂದಿನ ಎಸೆತವನ್ನೇ ಎದುರಾಳಿ ಬೇಲಿಯಾಚೆಗೆ ಹೊಡೆದಟ್ಟಿದ.

“ಬಾಯಿಗೆ ಬೀಗ ಹಾಕ್ಕೊಳ್ಳೋಕಾಗಲ್ವೇನಮ್ಮ? ನಾಳೆಯಿಂದ ಮನೇಲೇ ಇರು” ಎಂದು ಪಕ್ಕದಲ್ಲಿದ್ದ ಮಾಂಸದಂಗಡಿಯ ಮರ್ಲ್ ಸಿಡುಕಿದ.

ಆಟ ಮುಗಿದ ಮೇಲೆ ವೆಂಡಲ್ ತಲೆ ತಗ್ಗಿಸಿಕೊಂಡು ಬಂದ. “ಅಮ್ಮಾ, ತಂಡದ ಹುಡುಗರಿಗೆಲ್ಲ ಸಿಟ್ಟು ಬಂದಿದೆ. ಸ್ವಲ್ಪ ದಿನ ಬರಬೇಡ.”

“ಹೊಡೆಸ್ಕೊಂಡಿದ್ದು ನಿನ್ನ ಎಸೆತ ಕಣೋ, ನನ್ನ ನಾಲಿಗೆ ಅಲ್ಲ. ನೀನು ಚಿಕ್ಕೋನಿದ್ದಾಗ ಖಾಲಿ ಮೈದಾನದಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೋಳು ನಾನು. ಈಗ ಹೆದರ್ಕೊಂಡು ಮನೇಲಿ ಕೂರ್ತೀನಾ? ನೆಟ್ಟಗೆ ಎಸೆಯೋದು ಕಲಿ!”

ವೆಂಡಲ್ ಮತ್ತೆ ಎಸೆಯುವ ದಿನ ಅವಳು ಅದೇ ಜಾಗದಲ್ಲಿ ಕುಳಿತಿದ್ದಳು.

ಮಕ್ಕಳಿಬ್ಬರೂ ಇನ್ನೂ ಮೇಲಿನ ಹಂತ ಏರಿಲ್ಲ. ಈಗಲೂ ವೆಂಡಲ್‌ನ ಕೈ ಚೆನ್ನಾಗಿ ನಡೆಯುತ್ತಿದ್ದರೆ, ಮರ್ಲ್ ಕಡಲೆಕಾಯಿಯ ಪೊಟ್ಟಣ ಎತ್ತಿಕೊಂಡು ದೂರ ಸರಿಯುತ್ತಾನೆ. ಆರ್ಲೆಟಾ ಎದ್ದು ನಿಲ್ಲುತ್ತಾಳೆ. ಅವಳು ಕೂಗಿ ಮುಗಿಸುವವರೆಗೂ ಮಗ ಚೆಂಡು ಹಿಡಿದುಕೊಂಡು ಕಾಯುತ್ತಾನೆ.